ಬಿದ್ದ ನಟ್ಟಿನ ಲೆಕ್ಕ

(ಬಾನುಲಿ ಭಾಷಣ)

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅಲ್ಪವೆಂದು ಕಡೆಗಣಿಸಿದ ವಸ್ತುವೊಂದು ಎಂತಹ ದೊಡ್ಡ ನಷ್ಟಕ್ಕೆ ಕಾರಣವಾಗಬಲ್ಲುದೆಂಬುದನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹೇಳುವ ಗಾದೆಗಳು ವಿರಳ. ಗಾದೆ ಹೇಳುವುದು ಮಾನದ ವಿಷಯ. ನಾನು ಈ ಹೊತ್ತು ಹೇಳಹೊರಟಿರುವುದು ಪ್ರಾಣದ ವಿಷಯ; ಅಡಿಕೆಗಿಂತಲೂ ಚಿಕ್ಕದಾದ ಒಂದು ಕಬ್ಬಿಣದ ನಟ್ಟಿನ ವಿಷಯ. ಮೀನುಗಾರಿಕೆಯ ಬೋಟಿನ ಎಂಜಿನ್ ಕೋಣೆಯಲ್ಲಿ ದುರಸ್ತಿ ಮಾಡುವವನ ಕೈಜಾರಿ, ಕತ್ತಲೆಯ ತಳಕ್ಕೆ ಬಿದ್ದುಹೋದ ನಟ್ಟನ್ನೋ ವಾಷರನ್ನೋ ಮರಳಿ ಪಡೆಯುವುದು ಹೇಗೆ, ಮರಳಿ ಪಡೆಯಲೇಬೇಕು ಏಕೆ ಎಂಬ ಎರಡು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇನೆ.

ಜೀವಮಾನವೆಲ್ಲ ಕಾಲೇಜಿನಲ್ಲಿ ಕನ್ನಡ ಕಾವ್ಯಗಳನ್ನು ಪಾಠ ಹೇಳಿದವನಿಗೂ ನಟ್ಟು ಬೋಲ್ಟುಗಳಿಗೂ ಎಲ್ಲಿಯ ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಒದಗಿದ್ದು ನಿವೃತ್ತಿಯ ಅನಂತರ. ನನ್ನ ವಾಸ ಉಡುಪಿಯ ಸಮೀಪ. ಸಂಜೆಯ ನಡಿಗೆ ಎಷ್ಟೋ ದಿನ ಮಲ್ಪೆಯ ದಕ್ಕೆಯವರೆಗೂ ಸಾಗುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವದು, ಕಡಲು ಮುನಿಯುವ ಕಾಲವೂ ಹೌದು. ಆಗ ಬಂದರಿನ ತುಂಬ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಬಲೆ ಹೆಣೆಯುವವರು, ಬಣ್ಣ ಬಳಿಯುವವರು, ಎಂಜಿನ್ ಬಿಚ್ಚುವವರು ತಂತಮ್ಮ ಕೆಲಸದಲ್ಲಿ ಮಗ್ನರಾಗಿರುತ್ತಾರೆ. ಅಂಥವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ತರಗತಿಯಲ್ಲಿ ನಾನು ಪಂಪನನ್ನು ವಿವರಿಸುತ್ತಿರುವಾಗ ಕಿಟಕಿಯ ಹೊರಗೆ ನೋಡುತ್ತಿದ್ದ ಆತ ಇಂದು ಅನುಭವಿಯಾದ ಎಂಜಿನ್ ಫಿಟ್ಟರ್. ಅವನ ಪಕ್ಕದಲ್ಲಿ ಕುಳಿತು ನೋಡಿ, ಕೇಳಿ ತಿಳಿದ ಸಂಗತಿಗಳನ್ನೇ ಇಲ್ಲಿ ನಿರೂಪಿಸುತ್ತಿದ್ದೇನೆ.

ಮೊದಲು ಎಂಜಿನ್ ಕೋಣೆಯ ಸ್ವರೂಪವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೋಣೆ ಎಂಬುದು ಹೆಸರಿಗೆ ಮಾತ್ರ. ಬೋಟಿನ ಅಟ್ಟದಲ್ಲಿರುವ ಚೌಕಾಕಾರದ ಬಾಯಿಯ ಮುಚ್ಚಳವನ್ನು ತೆಗೆದರೆ ಕೆಳಗೆ ಡೀಸೆಲ್ಲಿನ ವಾಸನೆಯ ಕತ್ತಲೆ. ಉದ್ದುದ್ದ ಹಾಸಿದ ಎರಡು ಭಾರದ ತೊಲೆಗಳ ಮೇಲೆ ಎಂಜಿನ್ ಕುಳಿತಿರುತ್ತದೆ. ಅದಕ್ಕೂ ಬೋಟಿನ ಗೋಡೆಗೂ ನಡುವೆ ಎಷ್ಟೋ ಕಡೆ ಅಂಗೈ ಅಗಲದ ಜಾಗವೂ ಇರುವುದಿಲ್ಲ. ಎಂಜಿನ್ನಿನ ಅಡಿಯಲ್ಲಿ ಬೋಟಿನ ತಳ ಇಳಿಜಾರಾಗಿ ನಡುಗೆರೆಯ ಕಡೆಗೆ ಕೂಡಿಕೊಳ್ಳುತ್ತದೆ. ತಳಕ್ಕೆ ಅಡ್ಡಲಾಗಿ ಮನುಷ್ಯನ ಪಕ್ಕೆಲುಬುಗಳಂತೆ ಪಟ್ಟಿಗಳು ಹಾಯ್ದಿರುತ್ತವೆ. ಒಂದು ಪಟ್ಟಿಯ ಆಚೆಯ ನೀರು ಈಚೆಗೆ ಹರಿದು ಪಂಪಿನ ಬಳಿ ಸೇರಲೆಂದು ಅವುಗಳಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಸೋರಿ ಬಂದ ಉಪ್ಪುನೀರು, ತೊಟ್ಟಿಕ್ಕಿದ ಎಣ್ಣೆ, ತುಕ್ಕಿನ ಪುಡಿ, ಹಳೆಯ ಬಟ್ಟೆಯ ಚೂರು ಎಲ್ಲವೂ ಅಲ್ಲಿ ಒಂದಾಗಿ ಕಪ್ಪು ರಾಡಿಯಾಗುತ್ತದೆ. ಫಿಟ್ಟರ್ ಬೋರಲಾಗಿ ಮಲಗಿ, ಒಂದು ತೋಳನ್ನು ಭುಜದವರೆಗೆ ಒಳಗೆ ಇಳಿಸಿ, ಕಣ್ಣಿಗೆ ಕಾಣದ ಬೋಲ್ಟನ್ನು ಬೆರಳಿನಿಂದಲೇ ಓದುತ್ತಾ ಕೆಲಸ ಮಾಡುತ್ತಾನೆ. ಬೆರಳಿಗೆ ಎಣ್ಣೆ ಮೆತ್ತಿರುತ್ತದೆ. ನಟ್ಟು ಜಾರುವುದು ಆಶ್ಚರ್ಯವಲ್ಲ, ಜಾರದಿರುವುದೇ ಆಶ್ಚರ್ಯ.

ಜಾರಿದರೆ ಜಾರಲಿ, ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಇನ್ನೊಂದು ದೊರೆಯುವುದಿಲ್ಲವೇ? ನಾನೂ ಈ ಪ್ರಶ್ನೆಯನ್ನು ಕೇಳಿದ್ದುಂಟು. ಅದಕ್ಕೆ ನನ್ನ ವಿದ್ಯಾರ್ಥಿ, 'ಸಾರ್, ಹೊಸದು ಸಿಗುತ್ತದೆ. ಆದರೆ ಹಳೆಯದು ಎಲ್ಲಿಗೂ ಹೋಗಿಲ್ಲವಲ್ಲ, ಅದು ಇಲ್ಲೇ ಇದೆಯಲ್ಲ' ಎಂದ. ಇಡೀ ವಿಷಯದ ತಿರುಳು ಈ ಮಾತಿನಲ್ಲಿದೆ. ಕಳೆದುಹೋದದ್ದು ನಾಶವಾಗಿಲ್ಲ, ನಮ್ಮ ಕಣ್ಣಿನಿಂದ ಮರೆಯಾಗಿದೆ, ಅಷ್ಟೆ. ಬೋಟು ಅಲೆಯ ಮೇಲೆ ಹೊಯ್ದಾಡುವಾಗ ಅದು ಚಲಿಸುತ್ತದೆ, ಎಂಜಿನ್ ನಡುಗುವಾಗ ಅದು ಉರುಳುತ್ತದೆ. ಅದು ಎಲ್ಲಿಗೆ ಹೋದೀತೆಂಬುದೇ ಭಯದ ಮೂಲ.

ಬೆಲ್ಟಿಗೂ ಅದು ಸುತ್ತುವ ಪುಲ್ಲಿಗೂ ನಡುವೆ ನಟ್ಟು ಸಿಕ್ಕಿಕೊಂಡಿತೆನ್ನಿ. ಬೆಲ್ಟು ಕಳಚಬಹುದು ಅಥವಾ ಹರಿಯಬಹುದು. ತಣ್ಣೀರಿನ ಪಂಪನ್ನು ತಿರುಗಿಸುವುದು ಅದೇ ಬೆಲ್ಟಾದರೆ ಎಂಜಿನ್ ಕಾದು ನಿಂತುಹೋಗುತ್ತದೆ. ಸ್ಟಾರ್ಟರಿನ ಹಲ್ಲುಗಳು ಕಚ್ಚಿಕೊಳ್ಳುವ ಭಾರಚಕ್ರದ ಗೂಡಿನೊಳಗೆ ಬಿದ್ದರೆ ಹಲ್ಲು ಮುರಿಯುತ್ತದೆ. ನಡುಗಡಲಿನಲ್ಲಿ ಒಮ್ಮೆ ನಿಂತ ಎಂಜಿನ್ ಮತ್ತೆ ಹೊರಡುವುದಿಲ್ಲ. ಎಲ್ಲಕ್ಕಿಂತ ಭಯಂಕರವಾದುದು, ಗಾಳಿ ಒಳಹೋಗುವ ಕೊಳವೆಯನ್ನು ಬಿಚ್ಚಿಟ್ಟಿದ್ದಾಗ ಅದರೊಳಗೆ ಬೀಳುವ ನಟ್ಟು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಅದಕ್ಕೂ ಮೇಲಿನ ಮುಚ್ಚಳಕ್ಕೂ ನಡುವೆ ಉಳಿಯುವ ಅಂತರ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. 8 ಮಿಲಿಮೀಟರ್ ಬೋಲ್ಟಿಗೆ ಹಾಕುವ ಸಾಧಾರಣ ನಟ್ಟಿನ ದಪ್ಪವಾದರೋ 6ರಿಂದ 7 ಮಿಲಿಮೀಟರ್. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ತಿರುಗುವ ಯಂತ್ರದಲ್ಲಿ ಈ ಎರಡು ಅಳತೆಗಳು ಎದುರಾದರೆ ಏನಾದೀತೆಂಬುದನ್ನು ಹೇಳಲು ಯಂತ್ರಶಾಸ್ತ್ರದ ಪದವಿ ಬೇಕಿಲ್ಲ.

ಉರುಳದೆ ಸುಮ್ಮನೆ ಬಿದ್ದಿರುವ ನಟ್ಟೂ ನಿರಪಾಯಕಾರಿಯಲ್ಲ. ಚಿಕ್ಕ ವಾಷರೊಂದು ತಳದ ನೀರು ಹೊರಹಾಕುವ ಪಂಪಿನ ಬಾಯಿಗೆ ಸೇರಿ ಪಂಪನ್ನು ಕೆಡಿಸಬಹುದು. ಸೋರಿಕೆ ಹೆಚ್ಚಿದ ರಾತ್ರಿ ಅದರ ಬೆಲೆ ತಿಳಿಯುತ್ತದೆ. ಅದಲ್ಲದೆ ಲೋಹಗಳಿಗೆ ಪರಸ್ಪರ ಒಂದು ಜಗಳವುಂಟು. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ಅಲ್ಲಿ ಒಂದು ಸಣ್ಣ ವಿದ್ಯುತ್ ಕೋಶವೇ ಏರ್ಪಟ್ಟು, ಅವುಗಳಲ್ಲಿ ದುರ್ಬಲವಾದುದು ಸವೆಯತೊಡಗುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ಈ ಕೆಲಸ ಬಲು ಸಲೀಸಾಗಿ ನಡೆಯುತ್ತದೆ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ಎರಡು ವರ್ಷಗಳ ಬಳಿಕ ಪರೀಕ್ಷಿಸಿದಾಗ ತಾಮ್ರ ಚೆನ್ನಾಗಿಯೇ ಇತ್ತು. ಅದಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಕೊಳೆತುಹೋಗಿದ್ದವು. ನಡುವೆ ಕಾಗದ ಉಳಿದುಕೊಂಡು ತಾಮ್ರ ತಾಗದಿದ್ದ ಕಡೆ ಮೊಳೆಗಳು ಗಟ್ಟಿಯಾಗಿದ್ದವು. ಅಲ್ಯೂಮಿನಿಯಂ ತಳದ ಬೋಟಿನಲ್ಲಿ ಬಿದ್ದ ತಾಮ್ರದ ವಾಷರ್ ಒಂದು ದಿನ ತನ್ನ ಕೆಳಗೇ ತೂತು ಕೊರೆಯಬಲ್ಲುದು.

ಇನ್ನು ಹುಡುಕುವ ಕ್ರಮ. ಕೈಯಿಂದ ನಟ್ಟು ಜಾರಿದ ಕ್ಷಣ ಮಾಡಬೇಕಾದ ಮೊದಲ ಕೆಲಸವೆಂದರೆ ಏನನ್ನೂ ಮಾಡದಿರುವುದು. ಬಿದ್ದದ್ದರ ಹಿಂದೆಯೇ ಕೈ ಹಾಕುವುದು ಮನುಷ್ಯಸ್ವಭಾವ. ಹಾಗೆ ಹಾಕಿದ ಕೈ, ಎಲ್ಲೋ ಅಂಚಿನಲ್ಲಿ ತಂಗಿದ್ದ ನಟ್ಟನ್ನು ಇನ್ನೂ ಆಳಕ್ಕೆ ತಳ್ಳುತ್ತದೆ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಆ ಕ್ಷಣದಲ್ಲಿ ಕೈಯಲ್ಲ, ಕಿವಿ ಕೆಲಸ ಮಾಡಬೇಕು. ಎಷ್ಟು ಸಲ ಸದ್ದಾಯಿತು? ಎರಕದ ಕಬ್ಬಿಣಕ್ಕೆ ತಾಗಿದ ಗಟ್ಟಿ ದನಿಯೋ, ತಗಡಿನ ಟೊಳ್ಳು ದನಿಯೋ, ಮರದ ಮಂದ ದನಿಯೋ? ಕೊನೆಗೆ ನೀರಿಗೆ ಬಿದ್ದ ಸದ್ದು ಬಂತೋ ಇಲ್ಲವೋ? ಈ ನಾಲ್ಕಾರು ದನಿಗಳಲ್ಲಿ ನಟ್ಟಿನ ಪಯಣದ ಕಥೆಯೆಲ್ಲ ಅಡಗಿರುತ್ತದೆ.

ಎರಡನೆಯದು, ಎಂಜಿನ್ನನ್ನು ಕೈಯಿಂದಾಗಲೀ ಸ್ಟಾರ್ಟರಿನಿಂದಾಗಲೀ ತಿರುಗಿಸಬಾರದು. ತಿರುಗಿಸಲು ಯಾರಿಗೂ ಸಾಧ್ಯವಾಗದಂತೆ ಬ್ಯಾಟರಿಯ ತಂತಿಯನ್ನೇ ಬಿಡಿಸಿಡಬೇಕು. ಬಿಡಿಸುವಾಗ ಋಣ ಧ್ರುವದ ತಂತಿ ಮೊದಲು. ಇದರಿಂದ ಇನ್ನೊಂದು ಪ್ರಯೋಜನವುಂಟು. ಹುಡುಕುವ ಭರದಲ್ಲಿ ಇಳಿಸಿದ ಕಬ್ಬಿಣದ ಸಲಾಕೆ ಬ್ಯಾಟರಿಯ ಎರಡು ಧ್ರುವಗಳಿಗೂ ತಾಗಿದರೆ ಕಿಡಿ ಹಾರಿ, ಸಲಾಕೆ ಕಾದು, ಕೈ ಸುಡುತ್ತದೆ. ತುಂಬುತ್ತಿರುವ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಬೆಂಕಿ ತಗಲುವ ಅಪಾಯವೂ ಇದೆ. ಮೂರನೆಯದು, ಬಿಚ್ಚಿಟ್ಟ ಕೊಳವೆಗಳ ಬಾಯಿಗಳಲ್ಲಿ ಮೊದಲು ಇಣುಕಿ ನೋಡಿ, ಅಲ್ಲಿ ಇಲ್ಲವೆಂದು ಖಚಿತವಾದ ಮೇಲೆ ಅವುಗಳಿಗೆ ಬಟ್ಟೆ ತುರುಕಬೇಕು. ನೋಡದೆ ಮುಚ್ಚಿದರೆ ಕಳ್ಳನನ್ನು ಒಳಗಿಟ್ಟೇ ಬಾಗಿಲು ಹಾಕಿದಂತೆ.

ಬೀಳುವ ವಸ್ತುಗಳಿಗೂ ಒಂದೊಂದು ಸ್ವಭಾವವಿದೆ. ಆರು ಮೂಲೆಯ ನಟ್ಟು ಪುಟಿಯುತ್ತದೆ, ಆದರೆ ಬಹುದೂರ ಉರುಳುವುದಿಲ್ಲ. ವಾಷರ್ ಅಂಚಿನ ಮೇಲೆ ನಿಂತು ಚಕ್ರದಂತೆ ಓಡುತ್ತದೆ. ಅದು ಸಿಗುವುದು ನಾವು ಎಣಿಸದ ಕಡೆಯಲ್ಲಿ. ತಲೆಯುಳ್ಳ ಬೋಲ್ಟು ತನ್ನ ತಲೆಯ ಸುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ ನಿಲ್ಲುತ್ತದೆ. ತಳದವರೆಗೆ ಹೋದದ್ದು ಇಳಿಜಾರಿನಲ್ಲಿ ಜಾರಿ ಯಾವುದೋ ಅಡ್ಡಪಟ್ಟಿಗೆ ಒರಗಿರುತ್ತದೆ. ಇದನ್ನು ತಿಳಿಯಲು ಫಿಟ್ಟರುಗಳಲ್ಲಿ ಒಂದು ಸೊಗಸಾದ ಉಪಾಯವಿದೆ. ಕಳೆದುಹೋದದ್ದರ ಜೊತೆಯ ಇನ್ನೊಂದು ನಟ್ಟಿಗೆ ಬಣ್ಣದ ಉದ್ದ ದಾರವನ್ನು ಬಿಗಿಯಾಗಿ ಕಟ್ಟಿ, ಮೊದಲನೆಯದು ಜಾರಿದ ಜಾಗದಿಂದಲೇ ಬೀಳಬಿಡುವುದು. ಎರಡನೆಯದು ಹಿಡಿದ ದಾರಿ ಮೊದಲನೆಯದರ ದಾರಿಯನ್ನು ಎಷ್ಟೋ ಸಲ ತೋರಿಸಿಕೊಡುತ್ತದೆ. ದಾರ ಕೈಯಲ್ಲೇ ಇರುವುದರಿಂದ ಎರಡನೆಯದು ಕಳೆದುಹೋಗುವುದಿಲ್ಲ.

ಆಮೇಲೆ ಬೆಳಕು. ದೀಪವನ್ನು ಮೇಲಿನಿಂದ ಹಿಡಿದರೆ ಎಣ್ಣೆಯ ಮೇಲ್ಮೈ ಹೊಳೆದು ಕಣ್ಣು ಕುಕ್ಕುತ್ತದೆ. ತಳಕ್ಕೆ ಸಮನಾಗಿ ಪಕ್ಕದಿಂದ ಹಾಯಿಸಿದರೆ ಚಿಕ್ಕ ನಟ್ಟಿಗೂ ಉದ್ದನೆಯ ನೆರಳು ಬೀಳುತ್ತದೆ; ವಸ್ತು ಕಾಣದಿದ್ದರೂ ನೆರಳು ಕಾಣುತ್ತದೆ. ಎಂಜಿನ್ನಿನ ಹಿಂಬದಿಯನ್ನು ನೋಡಲು ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ ಸಾಕು. ಮೊಬೈಲ್ ಫೋನಿಗೆ ಜೋಡಿಸಿ, ಬೆರಳಿಗಿಂತ ತೆಳುವಾದ ತಂತಿಯ ತುದಿಯ ಕ್ಯಾಮೆರಾವನ್ನು ಸಂದಿಗೆ ಇಳಿಸಿ ನೋಡುವ ಸೌಕರ್ಯವೂ ಈಗ ಬಂದಿದೆ. ವೈದ್ಯರು ಜಠರವನ್ನು ನೋಡುವ ವಿಧಾನವೇ ಬೋಟಿನ ಹೊಟ್ಟೆಗೂ ಒದಗಿದೆಯೆನ್ನಬಹುದು.

ಕಂಡದ್ದನ್ನು ಎತ್ತಲು ಅಯಸ್ಕಾಂತಕ್ಕೆ ಸಮನಾದ ಸಾಧನವಿಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಪ್ರತ್ಯೇಕವಾಗಿ ರೂಪುಗೊಂಡ ನಿಯೋಡೈಮಿಯಂ ಅಯಸ್ಕಾಂತಗಳು ಗುಂಡಿಯಷ್ಟು ಚಿಕ್ಕವಾದರೂ ತಮ್ಮ ತೂಕದ ಹಲವು ಪಟ್ಟನ್ನು ಎತ್ತಬಲ್ಲವು. ಆದರೆ ಇದನ್ನು ಕೋಲಿಗೆ ಸಿಕ್ಕಿಸಿ ಇಕ್ಕಟ್ಟಿನೊಳಗೆ ಇಳಿಸಹೋದರೆ ಅದು ಹೆಜ್ಜೆಹೆಜ್ಜೆಗೂ ಎಂಜಿನ್ನಿನ ಮೈಗೇ ಅಂಟಿಕೊಳ್ಳುತ್ತದೆ. ಅದಕ್ಕಾಗಿ ಅಯಸ್ಕಾಂತವನ್ನು ದಪ್ಪ ಪ್ಲಾಸ್ಟಿಕ್ ಕೊಳವೆಯೊಳಗೆ ಕೂರಿಸಿ, ಅದರ ಮುಖವೊಂದನ್ನೇ ಹೊರಗೆ ಬಿಡುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ದಿಕ್ಸೂಚಿಯ ಹತ್ತಿರ ಇಡಕೂಡದು. ನಟ್ಟು ಸಿಕ್ಕ ಸಂತೋಷದಲ್ಲಿ ದಿಕ್ಕು ತಪ್ಪಬಾರದಲ್ಲ.

ಅಯಸ್ಕಾಂತಕ್ಕೂ ಒಲಿಯದವುಗಳುಂಟು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಅದರ ಸೆಳೆತಕ್ಕೆ ಸಿಕ್ಕುವುದಿಲ್ಲ. ಕಡಲಿನ ಕೆಲಸಕ್ಕೆಂದು ಬಳಸುವ, ಕ್ರೋಮಿಯಂ ಮತ್ತು ನಿಕ್ಕಲ್ ಬೆರೆತ ತುಕ್ಕು ಹಿಡಿಯದ ಉಕ್ಕೂ ಬಹುಮಟ್ಟಿಗೆ ಹಾಗೆಯೇ. ಆದ್ದರಿಂದ ಅಯಸ್ಕಾಂತಕ್ಕೆ ಏನೂ ಅಂಟಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲವೆಂದು ತೀರ್ಮಾನಿಸಬಾರದು. ಜೊತೆಯ ನಟ್ಟಿನ ಮೇಲೆ ಮೊದಲೇ ಪರೀಕ್ಷಿಸಿ ನೋಡಬೇಕು. ಇಂಥವುಗಳಿಗೆ ಕೋಲಿನ ತುದಿಗೆ ಮೆತ್ತಿದ ಗಟ್ಟಿ ಗ್ರೀಸೋ ಅಂಟೋ ಬೇಕು. ಹಲಸಿನ ಮೇಣದಿಂದ ಹಿತ್ತಾಳೆಯ ವಾಷರನ್ನು ಎತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಂಡಿ ಒತ್ತಿದರೆ ತುದಿಯಲ್ಲಿ ಮೂರು ನಾಲ್ಕು ತಂತಿಯ ಉಗುರುಗಳು ಅರಳಿ, ಬಿಟ್ಟರೆ ಮುಚ್ಚಿಕೊಳ್ಳುವ ಬಾಗುವ ಕೋಲುಗಳೂ ಅಂಗಡಿಯಲ್ಲಿ ದೊರೆಯುತ್ತವೆ.

ನೀರಿನೊಳಗೇ ಬಿದ್ದಿದ್ದರೆ ಪಂಪನ್ನು ಓಡಿಸಬಾರದು, ಡಬ್ಬಿಯಿಂದ ನಿಧಾನವಾಗಿ ಮೊಗೆದು ಜರಡಿಯಲ್ಲಿ ಸೋಸಬೇಕು. ಆ ಎಣ್ಣೆನೀರನ್ನು ಬಂದರಿಗೆ ಸುರಿಯುವುದು ತಾನುಣ್ಣುವ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಂತೆ. ಮನೆ ಗುಡಿಸುವ ಹೀರುಯಂತ್ರದ ಬಾಯಿಗೆ ತೆಳುಬಟ್ಟೆ ಕಟ್ಟಿ ಒಣ ಜಾಗದಿಂದ ಸ್ಕ್ರೂಗಳನ್ನು ಎತ್ತುವವರೂ ಇದ್ದಾರೆ. ಪೆಟ್ರೋಲ್ ಎಂಜಿನ್ ಇರುವ ಬೋಟಿನಲ್ಲಿ ಮಾತ್ರ ಇದು ಸರ್ವಥಾ ಸಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ತಳದಲ್ಲಿಯೇ ಹೊಂಚುಹಾಕಿ ಕುಳಿತಿರುತ್ತದೆ. ಯಂತ್ರದ ಒಂದು ಕಿಡಿ ಸಾಕು.

ಇಷ್ಟೆಲ್ಲ ಉಪಾಯಗಳಿಗೂ ಮಿಗಿಲಾದ ಒಂದು ಗುಣವಿದೆ. ಅದನ್ನು ನಾನು ಕಂಡದ್ದು ಒಂದು ವರ್ಷ ಜುಲೈ ತಿಂಗಳ ಕೊನೆಯ ದಿನ. ಮರುದಿನ ಕಡಲು ತೆರೆಯಲಿತ್ತು. ಮಂಜುಗಡ್ಡೆ ತುಂಬಿಸುವ, ಅಕ್ಕಿ ಬೇಳೆ ಏರಿಸುವ ಗಡಿಬಿಡಿ. ನನ್ನ ವಿದ್ಯಾರ್ಥಿ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಆಗ ಅವನ ಕೈಕೆಳಗೆ ಹೊಸದಾಗಿ ಸೇರಿದ್ದ ಹುಡುಗ, 'ಅಣ್ಣ, ಒಂದು ನಟ್ಟು ನನ್ನ ಕೈಯಿಂದ ಬಿತ್ತು. ಬೇರೆ ಹಾಕಿದೆ. ಬಿದ್ದದ್ದು ಸಿಗಲಿಲ್ಲ' ಎಂದ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೋಟಿನ ಮಾಲೀಕರು ಅಸಹನೆಯಿಂದ, 'ಒಂದು ನಟ್ಟಿಗಾಗಿ ಇಷ್ಟು ಹೊತ್ತೇ?' ಎಂದರು. ನನ್ನ ವಿದ್ಯಾರ್ಥಿ ಹುಡುಗನನ್ನು ಗದರಲಿಲ್ಲ, ಮಾಲೀಕರಿಗೆ ಎದುರಾಡಲೂ ಇಲ್ಲ. 'ಇದರಲ್ಲಿ ಎಂಟು ಜನ ಹೋಗುವವರು, ಧನಿಗಳೇ' ಎಂದಷ್ಟೇ ಹೇಳಿ, ಬ್ಯಾಟರಿಯ ತಂತಿಯನ್ನು ಬಿಡಿಸಿದ. ಆಮೇಲೆ ಹುಡುಗನನ್ನು ಹತ್ತಿರ ಕೂರಿಸಿಕೊಂಡು, ಬಿದ್ದಾಗ ಏನೇನು ಕೇಳಿಸಿತೆಂದು ವಿಚಾರಿಸಿದ. ಎರಡು ಸಲ ಟಣ್ ಎಂದಿತು, ನೀರಿನ ಸದ್ದು ಬರಲಿಲ್ಲವೆಂದು ಹುಡುಗ ನೆನಪಿಸಿಕೊಂಡ. ಅಲ್ಲಿಯವರೆಗೆ ಹುಡುಗ ತಳವನ್ನೇ ಕೆದಕುತ್ತಿದ್ದ. ನೀರಿಗೆ ಬೀಳದ ನಟ್ಟು ತಳದಲ್ಲಿರುವುದು ಹೇಗೆ? ಕನ್ನಡಿ ಹಿಡಿದು ನೋಡಿದಾಗ ಅದು ಎಂಜಿನ್ನನ್ನು ತೊಲೆಗೆ ಬಿಗಿದಿದ್ದ ಬ್ರಾಕೆಟ್ಟಿನ ಹಿಂದೆ, ಹಳೆಯ ಗ್ರೀಸಿನಲ್ಲಿ ಹೂತು ಕುಳಿತಿತ್ತು. ಅದರ ನೇರಕ್ಕೆ ಗೇಣುದೂರದಲ್ಲಿ ಬೆಲ್ಟು ಹಾಯ್ದಿತ್ತು. ಎಂಜಿನ್ನಿನ ಬಿಸಿಗೆ ಗ್ರೀಸು ಸಡಿಲಗೊಂಡಿದ್ದರೆ ಮುಂದಿನ ಕಥೆ ಬೇರೆಯೇ ಆಗಬಹುದಿತ್ತು.

ಆ ನಟ್ಟು ಸಿಕ್ಕಿದ್ದು ಕನ್ನಡಿಯಿಂದಲ್ಲ, ಹುಡುಗನ ಬಾಯಿಂದ ಎಂದು ನಾನು ಭಾವಿಸಿದ್ದೇನೆ. ಬಿತ್ತು ಎಂದು ಹೇಳಲು ಅವನಿಗೆ ಧೈರ್ಯ ಬಂದದ್ದು, ಹೇಳಿದರೆ ಏಟು ಬೀಳುವುದಿಲ್ಲವೆಂಬ ನಂಬಿಕೆಯಿಂದ. ಕೂಗಾಡುವ ಯಜಮಾನನ ಕೈಕೆಳಗೆ ನಟ್ಟುಗಳು ಬೀಳುವುದು ನಿಲ್ಲುವುದಿಲ್ಲ. ಬಿದ್ದ ಸುದ್ದಿ ಬರುವುದು ಮಾತ್ರ ನಿಲ್ಲುತ್ತದೆ.

ಜಗತ್ತಿನ ಬಹು ದೊಡ್ಡ ಉದ್ಯಮಗಳು ಇದೇ ಪಾಠವನ್ನು ಬಹು ದೊಡ್ಡ ಬೆಲೆ ತೆತ್ತು ಕಲಿತಿವೆ. 2000ನೆಯ ಇಸವಿಯ ಜುಲೈ 25ರಂದು ಪ್ಯಾರಿಸ್ಸಿನ ಸಮೀಪ ಕಾಂಕಾರ್ಡ್ ವಿಮಾನವೊಂದು ಉರಿದು ಬಿದ್ದು 113 ಜನ ಮಡಿದರು. ಅದಕ್ಕೆ ಮೊದಲು ಹಾರಿದ ಬೇರೊಂದು ವಿಮಾನದಿಂದ ಕಳಚಿ ಓಡುಹಾದಿಯ ಮೇಲೆ ಬಿದ್ದಿದ್ದ ಒಂದು ಲೋಹದ ಪಟ್ಟಿ ಅದರ ಚಕ್ರವನ್ನು ಸೀಳಿತ್ತೆಂದು ತನಿಖೆ ಹೇಳಿತು. ವಿಮಾನಗಳನ್ನು ಹೊತ್ತ ಯುದ್ಧನೌಕೆಗಳಲ್ಲಿ ನಾವಿಕರು ಸಾಲಾಗಿ ನಿಂತು, ಅಟ್ಟದ ಉದ್ದಕ್ಕೂ ತಲೆತಗ್ಗಿಸಿ ನಡೆದು, ಬಿದ್ದ ಚೂರುಪಾರುಗಳನ್ನು ಹೆಕ್ಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ತಪಾಸಣಾಪಟ್ಟಿಯಲ್ಲಿ, ರೋಗಿಯನ್ನು ಹೊರಗೆ ಕಳುಹಿಸುವ ಮೊದಲು ಉಪಕರಣ, ಬಟ್ಟೆ, ಸೂಜಿಗಳ ಎಣಿಕೆ ಸರಿಯಾಯಿತೆಂದು ದಾದಿ ಬಾಯಿಬಿಟ್ಟು ಹೇಳಬೇಕೆಂಬ ವಿಧಿಯಿದೆ. ನಮ್ಮ ಹಸ್ತಪ್ರತಿಗಳ ಲೋಕದಲ್ಲಿಯೂ ಹೀಗೆಯೇ. ಓಲೆ ನಕಲು ಮಾಡುವವನು ಒಂದಕ್ಷರ ಬಿಟ್ಟರೆ ಛಂದಸ್ಸಿನ ಮಾತ್ರೆಗಳನ್ನು ಎಣಿಸಿದವನಿಗೆ ಮಾತ್ರ ಅದು ಗೊತ್ತಾಗುತ್ತದೆ. ಎಣಿಕೆಯೆಂಬುದು ಅಪನಂಬಿಕೆಯಲ್ಲ, ಜವಾಬ್ದಾರಿಯ ಇನ್ನೊಂದು ಹೆಸರು.

ಬೀಳದಂತೆ ನೋಡಿಕೊಳ್ಳುವುದು ಇನ್ನೂ ಲೇಸು. ಕೆಲಸ ತೊಡಗುವ ಮೊದಲು ಎಂಜಿನ್ನಿನ ಕೆಳಗೆ ಹಳೆಯ ಪಂಚೆಯನ್ನೋ ಗೋಣಿಯನ್ನೋ ಜೋಳಿಗೆಯಂತೆ ಹಾಸುವುದು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲಿಯೇ ತಟ್ಟೆಯಲ್ಲಿಟ್ಟು ಎಣಿಸುವುದು. ನಟ್ಟು ಸ್ಪ್ಯಾನರಿನ ಬಾಯಲ್ಲಿ ನಿಲ್ಲುವಂತೆ ಚೂರು ಗ್ರೀಸು ಸವರುವುದು. ಸ್ಪ್ಯಾನರನ್ನು ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು, ಎಂಜಿನ್ ನಡೆಯುತ್ತಿರುವಾಗ ಮಾತ್ರ ಹಾಗೆ ಕಟ್ಟಿಕೊಳ್ಳದಿರುವುದು. ಇವು ಯಾವುದಕ್ಕೂ ಹಣ ಬೇಕಿಲ್ಲ. ಇಷ್ಟಾದರೂ ಒಂದೊಂದು ಸಲ ಬೀಳುತ್ತದೆ. ಬಿದ್ದದ್ದು ಸಿಗದಿದ್ದರೆ ತಿರುಗುವ ಭಾಗಗಳ ಗೂಡುಗಳನ್ನು ಬಿಚ್ಚಿ, ಅಪಾಯದ ಜಾಗಗಳಲ್ಲಿ ಅದಿಲ್ಲವೆಂದು ಖಚಿತಪಡಿಸಿಕೊಂಡು, ತಂಡೇಲನಿಗೆ ತಿಳಿಸಿಯೇ ಬೋಟು ಬಿಡಬೇಕು. ಕಡಲಿಗೆ ಹೋಗುವವನಿಗೆ ತನ್ನ ಕಾಲಡಿಯಲ್ಲಿ ಏನಿದೆಯೆಂದು ತಿಳಿಯುವ ಹಕ್ಕಿದೆ.

ನಾವು ಪೇಟೆಯಲ್ಲಿ ಮೀನನ್ನು ಕೊಳ್ಳುವಾಗ ಅದರ ಬೆಲೆಯನ್ನು ಚೌಕಾಸಿ ಮಾಡುತ್ತೇವೆ. ಆ ಬೆಲೆಯಲ್ಲಿ ಬಲೆಯ, ಡೀಸೆಲ್ಲಿನ, ಮಂಜುಗಡ್ಡೆಯ ಲೆಕ್ಕ ಸೇರಿರುತ್ತದೆ. ಬೋರಲು ಮಲಗಿ ಕತ್ತಲೆಯೊಳಗೆ ಕೈಯಿಳಿಸಿ, ಸಿಗುವವರೆಗೂ ಏಳಲಾರೆನೆಂದ ಒಬ್ಬನ ಸಂಜೆ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಹತ್ತು ದಿನಗಳ ಕಡಲ ಪಯಣ ಮುಗಿಸಿ ಎಂಟು ಜನ ಎಂಟು ಮನೆಗಳಿಗೆ ಹಿಂದಿರುಗುವುದು ಅಂಥವನ ಸಂಜೆಯನ್ನು ಅವಲಂಬಿಸಿರುತ್ತದೆ. ಅವರಿಗೆ ಅದು ತಿಳಿದಿರುವುದೂ ಇಲ್ಲ.